ಮಲ್ಲವ್ವನ ಟೊಮ್ಯಾಟೊ ಕಾವಲು

ವಡಾಲದ ನಮ್ಮ ಬಿಲ್ಡಿಂಗಿನ ವಾಚ್‌ಮನ್ ದಾನಪ್ಪ ಒಂದು ವಾರದಿಂದ ಕುರ್ಚಿ ಬಿಟ್ಟು ಅಲ್ಲಾಡಿಲ್ಲ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಬದಲಿಗೆ ಮೆಚ್ಚುಗೆ ಬಂತು. "ಸೆಕ್ರೆಟರಿ ಸಾಬ್, ದಾನಪ್ಪ ಬಹುತ್ ಸುಧರ್ ಗಯಾ" ಎಂದರು ಮೊದಲ ಮಹಡಿಯ ವಿನೋದಿನಿಬಾಯಿ. ಮೊಬೈಲು ನೋಡುವುದಿಲ್ಲವಂತೆ, ಎದುರು ಮಾತಾಡುವುದಿಲ್ಲವಂತೆ. ಸೆಕ್ರೆಟರಿಯಾದ ನನಗೂ ಹೆಮ್ಮೆಯಾಯಿತು. ಸಂಜೆ ಫೋರ್ಟಿನ ಬ್ಯಾಂಕಿನಿಂದ ಬಂದವನು, ಶಹಬ್ಬಾಸ್ ಎಂದು ಅವನ ಭುಜ ತಟ್ಟಿದೆ. ತಲೆ ಕಳಚಿ ನನ್ನ ಕೈಗೆ ಬಂತು.

ಮಡಕೆ! ಖಾಕಿ ಅಂಗಿಯೊಳಗೆ ಬರೀ ಹಣ್ಣಿನ ಪೆಟ್ಟಿಗೆಯ ಹುಲ್ಲು. ಮೈಯೆಲ್ಲ ಉರಿದುಹೋಯಿತು. ಇದು ಅವನ ಹೆಂಡತಿ ಮಲ್ಲವ್ವನ ಕೆಲಸವೇ. ಬೇರೆ ಯಾರಿಗೂ ಇಷ್ಟು ಧೈರ್ಯವಿಲ್ಲ.

ಮಲ್ಲವ್ವ ಸಿಂದಗಿ ಕಡೆಯವಳು. ಈ ಬಿಲ್ಡಿಂಗು ಕಟ್ಟುವಾಗ ಸಿಮೆಂಟಿನ ಬುಟ್ಟಿ ಹೊತ್ತವಳು. ಕಟ್ಟಿ ಮುಗಿದ ಮೇಲೆ ಗಂಡಹೆಂಡತಿ ಇಲ್ಲೇ ಜಿನೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಉಳಿದರು. ಅವನಿಗೆ ಗೇಟು, ಅವಳಿಗೆ ಕಸಬರಿಗೆ. ಅವಳದು ಒಂದೇ ಕೊರಗು. ಎಳ್ಳಮಾವಾಸ್ಯೆಗೆ ಊರಲ್ಲಿ ಎಲ್ಲರೂ ಅಡುಗೆ ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿಗೆ, ಹಕ್ಕಿಹುಳಕ್ಕೆ ಎಂದು ಆ ಅಡುಗೆಯನ್ನು ಚರಗ ಚೆಲ್ಲುತ್ತಾರೆ. ಇವಳಿಗೆ ಅಲ್ಲೂ ಹೊಲವಿರಲಿಲ್ಲ, ಇಲ್ಲಂತೂ ಕೇಳಲೇಬೇಡಿ. "ಜಿನಿ ಮ್ಯಾಲೆ ಚೆಲ್ಲಲೇನ್ರಿ ಅಣ್ಣಾರ?" ಎಂದು ವರ್ಷವರ್ಷವೂ ಧಾರವಾಡದವನಾದ ನನ್ನೆದುರು ನಿಟ್ಟುಸಿರು ಬಿಡುತ್ತಿದ್ದಳು.

ಈ ಸಲ ಟೆರೇಸಿನಲ್ಲಿ ಪೇಂಟಿನ ಹಳೇ ಬಕೆಟ್ಟುಗಳಿಗೆ ಮಣ್ಣು ತುಂಬಿ ಟೊಮ್ಯಾಟೊ ಹಚ್ಚಿದಳು. "ನಂದೂ ಒಂದ ಹೊಲ ಆತ್ರಿ. ನಾ ಬೆಳದದ್ದು ಒಂದರ ಹಣ್ಣು ಚರಗಕ್ಕ ಬೀಳಬೇಕು" ಎಂದಳು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಆಗಲಿ ಎಂದುಬಿಟ್ಟೆ.

ಅಲ್ಲಿಂದ ಯುದ್ಧ. ಹುಳ ಬಿದ್ದಾಗ ಬೇವಿನ ನೀರು ಹೊಡೆದಳು. ಇಲಿ ಕಾಂಡ ಕಡಿದಾಗ ಎಣ್ಣೆ ಡಬ್ಬಿ ಕತ್ತರಿಸಿ ಸುತ್ತಲೂ ನಿಲ್ಲಿಸಿದಳು. ಪಾರಿವಾಳ ಹೆದರಲೆಂದು ಹಳೇ ಸೀಡಿ ತೂಗಿಬಿಟ್ಟರೆ, ಅವು ತಮ್ಮ ಮುಖ ನೋಡಿಕೊಳ್ಳಲು ಜೋಡಿಜೋಡಿಯಾಗಿ ಬಂದವು. ಮೀನು ಮಾರ್ಕೆಟ್ಟಿನಿಂದ ತಂದ ಬೆಕ್ಕು ಗಿಡದ ಮೇಲೇ ಮಲಗಿ ನಿದ್ದೆ ಹೊಡೆಯಿತು. ಕಡೆಗೆ ನನ್ನ ಹಳೇ ಅಂಗಿ ತೊಡಿಸಿ ಬೆದರುಗೊಂಬೆ ನಿಲ್ಲಿಸಿದಳು. ಪಾರಿವಾಳ ಅದರ ಹೆಗಲ ಮೇಲೆ ಕೂತು ಹಣ್ಣು ಕುಕ್ಕಿತು.

ಈಗ ಕಳಚಿದ ಆ ಮಡಕೆ ಹಿಡಿದುಕೊಂಡೇ ಟೆರೇಸಿಗೆ ಓಡಿದೆ. ದಾನಪ್ಪ ಬಕೆಟ್ಟುಗಳ ನಡುವೆ ನಿಂತು ಸೀಟಿ ಊದುತ್ತಿದ್ದ.

"ನಂದೇನ್ ತಪ್ಪಿಲ್ರಿ ಸಾಹೇಬ್ರ, ಅಕಿ ಡ್ಯೂಟಿ ಬದಲ್ ಮಾಡ್ಯಾಳ" ಎಂದ.

"ಗೊಂಬಿಗೆ ಪಾರಿವಾಳ ಅಂಜೂದಿಲ್ರಿ, ಮಂದಿ ಅಂಜತಾರ" ಎಂದಳು ಮಲ್ಲವ್ವ. "ಅದಕ್ಕ ಖಾಕಿ ತೊಡಿಸಿ ಅದನ್ನ ಗೇಟಿಗೆ ಕಳಿಸೀನಿ." ಗಿಡದಲ್ಲಿ ಉಳಿದದ್ದು ಒಂದೇ ಹಣ್ಣು, ಅದನ್ನೂ ದಾನಪ್ಪನ ಕಾಲುಚೀಲದೊಳಗೆ ಕಟ್ಟಿದ್ದಳು. "ನಾಳೆ ಅಮಾಸಿ. ಒಂದಿನ ತಡಕೋರಿ ಅಣ್ಣಾರ" ಎಂದು ಕೈಮುಗಿದಳು.

ಏನು ಮಾಡಲಿ? ಕೆಳಗಿಳಿದು ಮಡಕೆಯನ್ನು ನಾನೇ ಜೋಡಿಸಿ, ಟೋಪಿ ಸರಿಮಾಡಿ ಬಂದೆ.

ಮರುದಿನ ಆಫೀಸಿಗೆ ಹೊರಟವನು ಮನಸ್ಸು ತಡೆಯದೆ ಮೇಲೆ ಹೋದೆ. ಇಳಕಲ್ ಸೀರೆಯುಟ್ಟ ಮಲ್ಲವ್ವನ ಬುಟ್ಟಿಯಲ್ಲಿ ಸಜ್ಜೆ ಕಡುಬು, ಪುಂಡಿಪಲ್ಯ, ಮೇಲೆ ಹೆಚ್ಚಿದ ಆ ಟೊಮ್ಯಾಟೊ. "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕುತ್ತ ಅವಳು ಚೆಲ್ಲಿದಳು. "ಚಲಾಂಬರಿಗೋ!" ಎಂದು ಹಿಂದಿನಿಂದ ದಾನಪ್ಪ ನೀರು ಚಿಮುಕಿಸಿದ.

ನನಗೆ ತಡೆಯಲಾಗಲಿಲ್ಲ. "ಅಲ್ಲಬೇ, ಯಾವ ಪಾರಿವಾಳದ ಸಲುವಾಗಿ ಗೇಟಿಗೆ ಗೊಂಬಿ ಕುಂಡ್ರಿಸಿದಿ, ಈಗ ಅವನ್ನ ಊಟಕ್ಕ ಕರೀತಿಯೇನು?"

"ಕದ್ದು ತಿನ್ನೂದು ಬ್ಯಾರೆ ಅಣ್ಣಾರ, ಕರದು ನೀಡೂದು ಬ್ಯಾರೆ."

ಆದರೆ ಒಂದೂ ಬರಲಿಲ್ಲ. ನೀರಿನ ಟಾಕಿಯ ಮೇಲೆ ಸಾಲಾಗಿ ಕೂತ ಪಾರಿವಾಳಗಳು ದಾನಪ್ಪನ ಕೊರಳಿನ ಸೀಟಿಯನ್ನೇ ನೋಡುತ್ತಿದ್ದವು. ಮಲ್ಲವ್ವನ ಮುಖ ಬಾಡಿತು. ಚರಗ ಯಾರೂ ಮುಟ್ಟದಿದ್ದರೆ ಭೂಮಿತಾಯಿ ಒಪ್ಪಲಿಲ್ಲ ಎಂದೇ ಲೆಕ್ಕ. "ನಾನ ಹೊಡದ ಓಡಿಸೀನಿ, ಈಗ್ಯಾಕ ಬರ್ತಾವ್ರಿ" ಎಂದು ಅಲ್ಲೇ ಕುಸಿದು ಅತ್ತಳು.

ಅಯ್ಯೋ, ನನ್ನಿಂದ ನೋಡಲಾಗಲಿಲ್ಲ. ಪಾರಿವಾಳ ಅವಕ್ಕೆ ಹೆದರುವುದಿಲ್ಲ ಎಂಬುದನ್ನೂ ಮರೆತು ಸೀಡಿಗಳನ್ನೆಲ್ಲ ಕಿತ್ತು ಬಿಸಾಕಿದೆ. ದಾನಪ್ಪನನ್ನು ಟಾಕಿಯ ಹಿಂದಕ್ಕೆ ತಳ್ಳಿದೆ. ಇಸ್ತ್ರಿ ಪ್ಯಾಂಟಿನಲ್ಲೇ ಕುಕ್ಕರುಗಾಲಿನಲ್ಲಿ ಕೂತು "ಗುಟುರ್ ಗುಟುರ್" ಎಂದೆ. ಟಾಕಿಯ ಹಿಂದಿನಿಂದ ದಾನಪ್ಪನೂ ದನಿಗೂಡಿಸಿದ.

ಒಂದು ಕುಂಟ ಪಾರಿವಾಳ ಇಳಿಯಿತು. ಕತ್ತು ಓರೆ ಮಾಡಿ ನನ್ನನ್ನು ನೋಡಿತು. ಕಡುಬು ದಾಟಿ, ಪಲ್ಯ ದಾಟಿ, ಟೊಮ್ಯಾಟೊ ಹೋಳನ್ನೇ ಎತ್ತಿಕೊಂಡಿತು.

"ಉಂಡಿತ್ರೀ ಅಣ್ಣಾರ! ನನ್ನ ಹೊಲದ್ದ ಉಂಡಿತು!" ಮಲ್ಲವ್ವ ನನ್ನ ಕೈ ಹಿಡಿದು ಅತ್ತಳು. ಮುಚ್ಚುವುದೇನು, ನನ್ನ ಕಣ್ಣೂ ಒದ್ದೆಯಾಯಿತು.

ಉಂಡು ಮುಗಿಸಿದ ಪಾರಿವಾಳ ಕುಂಟುತ್ತ ಬಕೆಟ್ಟಿನ ಬಳಿ ಹೋಗಿ, ಆಗಷ್ಟೇ ಬಿಟ್ಟ ಹೊಸ ಹೂವಿಗೆ ಬಾಯಿ ಹಾಕಿತು. ಮಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಟಾಕಿಯ ಕಡೆ ತಿರುಗಿ ಕೂಗಿದಳು:

"ಏನ್ ನೋಡ್ಕೋತ ನಿಂತೀರಿ? ಸೀಟಿ ಊದ್ರಿ!"