ಲಿಂಗಸುಗೂರಿನ ಬೀಗರು

ಹೋದ ಶುಕ್ರವಾರ ಸಿಂಧನೂರಿನ ಮೀನು ಮಾರುಕಟ್ಟೆಯಲ್ಲಿ ಮೆಹರಬಾನು ತೀರಿಕೊಂಡಳು. ಹೃದಯಾಘಾತ. ಮಸ್ಕಿಯಿಂದ ದಿನಾ ಬಸ್ಸಿಗೆ ಬಂದು ಇಲ್ಲಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ನಾನು ಅಲ್ಲೇ ಕನ್ನಡ ಕಲಿಸುತ್ತೇನೆ. ಅವಳ ಬಗ್ಗೆ ಬರೆಯಲು ಕೂತರೆ ಅಳುವಿಗಿಂತ ಮೊದಲು ನಗು ಬರುತ್ತದೆ.

ಕೆರೆಮೀನಿನ ಕರುಳಿನಲ್ಲಿ ಒಂದು ಪರೋಪಜೀವಿ ಇರುತ್ತದೆ. ಇಡೀ ಮೈ ಒಂದೇ ಜೀವಕೋಶ. ಅದು ಎರಡಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬೇಕೆಂಬುದೇ ಅವಳ ಹುಚ್ಚು. ಮೀನು ಸತ್ತು ಹೊತ್ತಾದರೆ ಅದೂ ಸಾಯುತ್ತದೆ. ಹಾಗಾಗಿ ಈಗಷ್ಟೇ ಕೊಯ್ದ ಮೀನೇ ಬೇಕು. ಅದಕ್ಕೆ ಮೀನು ಮಾರುವ ಜೋಗಮ್ಮನೇ ಗತಿ.

ಮೊದಲ ದಿನವೇ ಎಡವಟ್ಟು. ತುಂಬಿದ ಗಿರಾಕಿಗಳ ನಡುವೆ ನಿಂತು, ಹುಳ ಇರೋ ಮೀನು ಅದಾವೇನು ಎಂದು ಕೇಳಿದಳು. ಗಿರಾಕಿಗಳು ಚೀಲ ಮಡಚಿಕೊಂಡು ಕೋಳಿ ಅಂಗಡಿಗೆ ನಡೆದರು. ಜೋಗಮ್ಮ ಕತ್ತಿ ಕೆಳಗಿಟ್ಟಳು.

"ಅಕ್ಕೋರ, ಹುಳ ಅನಬ್ಯಾಡ್ರಿ. ಕರಿಯದ ಬಂದು, ಕುಂತಲ್ಲೇ ಉಂಡು, ಏಳಂದ್ರ ಏಳದವರಿಗೆ ನಮ್ಮ ಕಡಿ ಬೀಗರು ಅಂತಾರ."

ಅಂದಿನಿಂದ ಅವು ಬೀಗರಾದವು. ಲಿಂಗಸುಗೂರು ಕಡೆಯ ಕೆರೆಯ ಮೀನಿನಲ್ಲಿ ಹೆಚ್ಚು ಸಿಗುತ್ತಿದ್ದವು. ಒಂದು ಮಧ್ಯಾಹ್ನ ಅಧ್ಯಾಪಕರ ಕೋಣೆಯಲ್ಲಿ ಮೆಹರಬಾನುವಿನ ಫೋನು ಸ್ಪೀಕರಿನಲ್ಲೇ ಜೋಗಮ್ಮನ ದನಿಯಲ್ಲಿ ಕೂಗಿತು: "ಲಿಂಗಸುಗೂರಿನ ಬೀಗರು ಬಂದಾರ್ರೀ ಅಕ್ಕೋರ. ಇನ್ನೂ ಜೀವ ಹಿಡಕೊಂಡು ಕುಂತಾರ, ಲಗೂ ಬರ್ರಿ."

ಮೆಹರಬಾನು ಮದುವೆಯಾದವಳಲ್ಲ. ಅವಳು ಡಬ್ಬಿ ಹಿಡಿದು ಓಡಿದ್ದೇ, ಐವತ್ತರಲ್ಲಾದರೂ ಸಂಬಂಧ ಕುದುರಿತಲ್ಲ ಎಂದು ಎಲ್ಲರೂ ಸಂಭ್ರಮಿಸಿದರು. ಅವಳು ಮರಳುವಷ್ಟರಲ್ಲಿ ಪೇಢೆ ಬಂದಿತ್ತು. ಪ್ರಾಂಶುಪಾಲರು ವರ ಏನು ಮಾಡುತ್ತಾನೆಂದು ವಿಚಾರಿಸಿದರು. ಅವಳು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಕರುಳಿನ ವಾಸನೆಗೆ ಅವರು ಹಿಂದೆ ಸರಿದರು, ನಾನು ನಕ್ಕು ನಕ್ಕು ಕುರ್ಚಿಯಿಂದ ಜಾರಿದೆ. ಅವಳು ಮಾತ್ರ ಪೇಢೆ ಮುಟ್ಟಲಿಲ್ಲ. ಬೀಗರು ಎರಡಾದ ದಿನ ತಾನೇ ತಿನ್ನಿಸುತ್ತೇನೆ, ಅದೂ ಮೊದಲು ಜೋಗಮ್ಮನಿಗೆ ಎಂದು ಹೇಳಿದಳು.

ಅದೇ ಹೋದ ಶುಕ್ರವಾರ ಬೆಳಿಗ್ಗೆ ಪ್ರಯೋಗಾಲಯದಿಂದ ನನ್ನನ್ನು ಕೂಗಿದಳು. ಓಡಿಹೋಗಿ ಕಣ್ಣಿಟ್ಟೆ. ನಡು ಸಣ್ಣದಾಗುತ್ತಾ, ದಾರ ಬಿಗಿದ ಚೀಲದಂತಾಗಿ, ಒಂದಿದ್ದದ್ದು ಎರಡಾಯಿತು. ಎರಡೂ ಮೈಮೇಲಿನ ಕೂದಲಿನಂಥ ಎಳೆಗಳನ್ನಾಡಿಸುತ್ತಾ, ಮುಖ ಮುರಿದುಕೊಂಡ ಬೀಗರಂತೆಯೇ, ಒಂದೊಂದು ದಿಕ್ಕಿಗೆ ಗಿರಗಿರ ಹೊರಟವು. ನಾವಿಬ್ಬರೂ ಕೈ ಹಿಡಿದು ಮೇಜು ಸುತ್ತಿದೆವು. ಬಿಳಿ ಕೋಟನ್ನೂ ಬಿಚ್ಚದೆ ಅವಳು ಬೀದಿಗಿಳಿದಳು. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದೆ. ದಾರಿಯಲ್ಲಿ ಪೇಢೆ ಕೊಂಡಳು.

ಜೋಗಮ್ಮನ ಎರಡೂ ಕೈ ಮೀನಿನ ಪೊರೆಯಲ್ಲಿ ಮುಳುಗಿದ್ದವು.

"ಬಾಯಿ ತೆಗಿ ಜೋಗಮ್ಮಾ," ಎಂದಳು ಮೆಹರಬಾನು, ಏದುಸಿರು ಬಿಡುತ್ತಾ. "ಬೀಗರು ಎರಡಾದ್ರು." ಪೇಢೆಯನ್ನು ಅವಳ ಬಾಯಿಗಿಟ್ಟಳು.