ರಾಣೆಬೆನ್ನೂರಿನ ಹಿಂದಿನ ಸಾಲಿನವರೆಗೆ

ಬೆಳಿಗ್ಗೆ ಆರೂವರೆಯ ಬಸ್ಸಿಗೆ ಅಪ್ಪ ಮತ್ತು ನಾನು ಬ್ಯಾಡಗಿ ಬಿಟ್ಟೆವು. ನಮ್ಮ ಸೌಂಡ್ ಸರ್ವೀಸಿನ ಸ್ಪೀಕರುಗಳು ಹಿಂದಿನ ದಿನವೇ ಟೆಂಪೋದಲ್ಲಿ ರಾಣೆಬೆನ್ನೂರು ಸೇರಿದ್ದವು. ಹಾವೇರಿಯಲ್ಲಿ ಹೊಸ ಡಿಜಿಟಲ್ ಮಿಕ್ಸರ್ ತೆಗೆದುಕೊಂಡು, ರಾಣೆಬೆನ್ನೂರಿನ ಮಹಿಳೆಯರ ಭಜನಾ ಸ್ಪರ್ಧೆಯಲ್ಲಿ ಅದನ್ನು ಮೊದಲ ಸಲ ಬಳಸುವುದಿತ್ತು. ಮೆಣಸಿನಕಾಯಿ ಸುಗ್ಗಿ, ಬಸ್ಸಿನಲ್ಲಿ ಅರ್ಧ ಮಂದಿ ಸೀನುತ್ತಿದ್ದರು. ಕಂಡಕ್ಟರು ನನಗೆ ಹೆಂಗಸರ ಸೊನ್ನೆ ಟಿಕೆಟ್ ಹರಿದು ಕೊಟ್ಟರು.

"ಓದಿದಾಕಿಗೆ ಫ್ರೀ, ಓದದವಗ ಚಾರ್ಜು" ಎಂದ ಅಪ್ಪ.

ಅಪ್ಪ ಓದಿದ್ದು ನಾಲ್ಕನೇ ಇಯತ್ತೆ. ಹಳೆಯ ಮಿಕ್ಸರಿನಲ್ಲಿ ಒಂದು ಗುಂಡಿಗೆ ಒಂದೇ ಕೆಲಸ. ಕಣ್ಣು ಮುಚ್ಚಿಯೂ ಮೇಲೆ ಕೆಳಗೆ ಸರಿಸುತ್ತಿದ್ದ. ನಾನು ಬಿ.ಎಸ್ಸಿ. ಮುಗಿಸಿದ್ದೇನೆ. ನಮ್ಮ ಮನೆತನಕ್ಕೆ ಬಂದ ಮೊದಲ ಪದವಿ ಅದು, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೊಸದು ಬೇಕೆಂದು ಹಟ ಹಿಡಿದವಳೂ ನಾನೇ.

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಹತ್ತಿದಾಗ ಅಪ್ಪ ಹೇಳಿದ: "ಇವತ್ತ ಅದು ನನ್ನ ಕೈಗೆ ಬಗ್ಗಲಿಲ್ಲಂದ್ರ, ನಾಳಿಂದ ಸೌಂಡ್ ನೀನ ನೋಡ್ಕೊ. ನಾ ಹೊಲಕ್ಕ ಹೊಕ್ಕೇನಿ."

"ಮಷಿನ್ ನಾ ನೋಡ್ತೇನಿ. ನಿನ್ನ ಕಿವಿ ಎಲ್ಲಿಂದ ತರ್ಲಿ?" ಎಂದೆ.

ಹಾವೇರಿಯ ಅಂಗಡಿಯಲ್ಲಿ ಅಪ್ಪ ಮಿಕ್ಸರನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದ. ಹಳೆಯದಕ್ಕೆ ಇಬ್ಬರು ಬೇಕಿತ್ತು.

"ತೂಕನ ಇಲ್ಲ. ದನಿ ಎಲ್ಲಿಂದ ಬಂದೀತು?"

"ಕಾಕಾ, ತೂಕ ಮಾಡಾಕ ಇದೇನು ಮೆಣಸಿನಕಾಯಿ ಚೀಲ ಏನ್ರಿ?" ಎಂದರು ಅಂಗಡಿಯವರು.

ಬಸ್ ನಿಲ್ದಾಣದ ಎದುರು ಮಂಡಕ್ಕಿ, ಮಿರ್ಚಿ ತಿಂದು ಮತ್ತೆ ಬಸ್ಸು ಹತ್ತಿದೆವು. ಮಿಕ್ಸರ್ ಅಪ್ಪನ ತೊಡೆಯ ಮೇಲೇ ಇತ್ತು.

ರಾಣೆಬೆನ್ನೂರಿನಲ್ಲಿ ಬಿಸಿಲು ಚುರುಕಾಗಿತ್ತು. ಸ್ಪರ್ಧೆಗೆ ಮುಂಚೆ ಒಂದೊಂದು ತಂಡವನ್ನೂ ಹಾಡಿಸಿ, ಕೇಳಿ, ಅಪ್ಪನೇ ಗುಂಡಿಗಳನ್ನು ಸರಿಸಿ ಇಟ್ಟ. ನಾನು ಅದನ್ನು ಮಿಕ್ಸರಿನ ನೆನಪಿನಲ್ಲಿ ಆ ತಂಡದ ಹೆಸರಿನಲ್ಲಿ ಉಳಿಸಿಕೊಂಡೆ, ಅಷ್ಟೆ. ಮೊದಲ ತಂಡ ಸರಾಗವಾಗಿ ಮುಗಿಯಿತು. ದನಿ ನಿಲ್ಲಿಸಲು ಅಪ್ಪ ರೂಢಿಯಂತೆ ಎಲ್ಲ ಗುಂಡಿಗಳನ್ನು ಕೆಳಗೆಳೆದ. ಎರಡನೆಯ ತಂಡ ಕೂತಾಗ ನಾನು ಅವರ ಹೆಸರು ಒತ್ತಿದೆ. ಗುಂಡಿಗಳು ತಾವಾಗಿಯೇ ಮೇಲಕ್ಕೆ ಸರಿಯತೊಡಗಿದವು. ಅಪ್ಪ ಗಾಬರಿಯಾಗಿ ಎರಡೂ ಅಂಗೈಯಿಂದ ಅವುಗಳನ್ನು ಅದುಮಿ ಹಿಡಿದ. ಹೆಂಗಸರು ಬಾಯಿ ತೆರೆದರೆ ದನಿಯಿಲ್ಲ.

"ಯಣ್ಣಾ, ನಮ್ಮ ಪೆಟ್ಟಿಗಿ ಇವತ್ತ ಉಪಾಸ ಏನು?" ಹಾರ್ಮೋನಿಯಂ ಪೆಟ್ಟಿಗೆ ಹಿಡಿದವರು ವೇದಿಕೆಯಿಂದಲೇ ಕೂಗಿದರು. ಜನ ನಕ್ಕರು.

"ಕೈ ಬಿಡು ಅಪ್ಪಾ. ಹಾಡಿಸಿದಾಗ ನೀ ಇಟ್ಟ ಜಾಗಕ್ಕ ಹೊಂಟಾವು ಅವು."

"ನಾನ ಇಟ್ಟಿದ್ದೇನು?"

"ನೀನ."

ಕೈ ಬಿಟ್ಟ. ಗುಂಡಿಗಳು ಹೋಗಿ ನಿಂತವು, ಹಾಡು ತುಂಬಿ ಬಂತು. ಆದರೆ ಅವನ ಮುಖ ಇಳಿದಿತ್ತು. ಕುರ್ಚಿ ಬಿಟ್ಟೆದ್ದು, "ನೀನ ಕುಂಡ್ರು ಯವ್ವಾ" ಎಂದ.

ನಾನು ಕೂರಲಿಲ್ಲ. ವೈರಿಲ್ಲದೆ ಮಿಕ್ಸರಿಗೆ ಜೋಡಿಸಿದ್ದ ನನ್ನ ಟ್ಯಾಬನ್ನು ಅವನ ಕೈಗಿಟ್ಟೆ. ಮಿಕ್ಸರಿನ ಗುಂಡಿಗಳೆಲ್ಲ ಅದರ ಪರದೆಯ ಮೇಲೂ ಇದ್ದವು. ಹಳೆಯ ಮಿಕ್ಸರಿನ ವೈರು ಗಿಡ್ಡ. ಅಪ್ಪ ಯಾವಾಗಲೂ ವೇದಿಕೆಯ ಮಗ್ಗುಲಲ್ಲೇ ಕೂತವನು. ತಾನು ಮಾಡಿದ ಸೌಂಡನ್ನು ಜನರ ನಡುವೆ ಕೂತು ಕೇಳಿದ್ದೇ ಇಲ್ಲ. "ಹಿಂದ ಹೋಗಿ ಕೇಳು. ಬ್ಯಾಡಾದದ್ದನ್ನ ಬೆರಳಿಲೆ ಕೆಳಗ ಎಳಿ" ಎಂದೆ.

ಶಾಮಿಯಾನದ ಕೊನೆಯ ಸಾಲಿನವರೆಗೂ ನಡೆದುಹೋಗಿ ನಿಂತ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನನ್ನ ಮುಂದಿದ್ದ ತಾಳದ ಮೈಕಿನ ಗುಂಡಿ ಮೆಲ್ಲಗೆ ಕೆಳಗಿಳಿಯಿತು. ಹಾಡಿನ ಮಾತುಗಳು ಬಿಡಿಸಿಕೊಂಡು ಮೇಲೆ ಬಂದವು. ಅಪ್ಪ ತಿರುಗಿ ಬರಲಿಲ್ಲ. ಉಳಿದ ತಂಡಗಳನ್ನೆಲ್ಲ ಅಲ್ಲಿಂದಲೇ ನಡೆಸಿದ.

ಸಂಜೆ ಬಸ್ಸಿನಲ್ಲಿ ಅಪ್ಪ, "ತಾಳ ಹಿಂದಿನವ್ರ ಕಿವಿ ಚುಚ್ಚತಿತ್ತು. ಇಷ್ಟ ವರ್ಷ ಪಾಪ ಹೆಂಗ ಕುಂತಿದ್ರೋ" ಎಂದ. ಊರು ಹತ್ತಿರವಾದಾಗ ನನ್ನ ಮೊಳಕೈ ತಟ್ಟಿ ಹೇಳಿದ:

"ಮುಂದಿನ ವಾರ ಕಾಗಿನೆಲೆ ಕೆಲಸ ಐತಲ್ಲ, ಅಲ್ಲಿ ಹಿಂದಿನ ಸಾಲಿನ್ಯಾಗ ನನಗೊಂದು ಕುರ್ಚಿ ಹಾಕ್ಸು."