ಅಧ್ಯಕ್ಷೆಯ ಗಂಡನಿಗೆ ಒಂದು ತರಬೇತಿ

ಯಲಹಂಕದ ಕಡೆ ನನ್ನ ಮಗಳು ಓದುವ ಸರ್ಕಾರಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆಂದೇ ಹೊಸ ಶೌಚಾಲಯ ಕಟ್ಟಿದ್ದರು. ಯಾವುದೋ ಕಂಪನಿಯವರ ದಾನ. ಟೈಲ್ಸ್, ನಲ್ಲಿ, ಕನ್ನಡಿ ಎಲ್ಲ ಇತ್ತು. ಬಾಗಿಲಿಗೆ ಬೀಗವೂ ಇತ್ತು. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದರೂ ಆ ಬೀಗ ತೆಗೆಯಲಿಲ್ಲ. ಯಾಕೆ ಅಂದರೆ, ಉದ್ಘಾಟನೆ ಆಗಿಲ್ಲವಂತೆ.

ಹಳೆಯದಕ್ಕೆ ಬಾಗಿಲೇ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ವೇಲ್ ಹಿಡಿದು ನಿಲ್ಲಬೇಕು. ನನ್ನ ಮಗಳು ಏಳನೇ ಕ್ಲಾಸು, ನಾಚಿಕೆ ಶುರುವಾದ ವಯಸ್ಸು. ಅಲ್ಲಿಗೆ ಹೋಗಬಾರದೆಂದು ನೀರು ಕುಡಿಯುವುದನ್ನೇ ಬಿಟ್ಟಳು. ಉರಿಮೂತ್ರ ಶುರುವಾಗಿ, ಚಳಿಜ್ವರ ಬಂದು, ಡ್ರಿಪ್ಸ್ ಹಾಕಿಸಿಕೊಂಡು ಮಲಗಿದಳು. ತಾಯಿಯಾಗಿ ಗಮನ ಇಲ್ಲವಾ ಎಂದು ಡಾಕ್ಟರಮ್ಮ ನನ್ನನ್ನೇ ಬೈದರು.

ಸರ್ಕಾರಿ ಶಾಲೆಯ ಉಸ್ತುವಾರಿಗೆ ಮಕ್ಕಳ ತಂದೆತಾಯಂದಿರ ಒಂದು ಸಮಿತಿ ಇರುತ್ತದೆ, ಎಸ್‌ಡಿಎಂಸಿ ಅಂತ. ಅದರಲ್ಲಿ ನಾನೂ ಸದಸ್ಯೆ. ಅಧ್ಯಕ್ಷೆಯೂ ಹೆಂಗಸೇ, ಹೆಸರಿಗೆ. ಸಭೆಗೆ ಬರುವುದು, ಕುರ್ಚಿಯಲ್ಲಿ ಕೂರುವುದು, ಮಾತಾಡುವುದು ಎಲ್ಲ ಆಕೆಯ ಗಂಡ. ಅವರದು ಊರಿನ ಹಳೇ ಜಮೀನ್ದಾರ ಮನೆತನ. ರಾಗಿ ಬೆಳೆಯುತ್ತಿದ್ದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿವೆ. ದೊಡ್ಡ ಮಕ್ಕಳು ಪ್ರೈವೇಟ್ ಶಾಲೆಗೆ ಹೋಗುತ್ತಾರೆ. ಮಗು ಇಲ್ಲಿ ಓದದಿದ್ದರೆ ಸಮಿತಿಯಲ್ಲಿ ಜಾಗವಿಲ್ಲ, ಅದಕ್ಕೇ ಕಿರಿಯವಳನ್ನು ಮಾತ್ರ ಇಲ್ಲಿಗೆ ಸೇರಿಸಿದ್ದರು.

ಆ ಮನುಷ್ಯನಿಗೆ ಪಾಲಿಕೆ ಚುನಾವಣೆಯ ಟಿಕೆಟ್ ಬೇಕಿತ್ತು. ಪಕ್ಷದ ನಾಯಕರು ಬಂದು ರಿಬ್ಬನ್ ಕತ್ತರಿಸಬೇಕು, ಪಕ್ಕದಲ್ಲಿ ತಾನು ನಿಂತಿರಬೇಕು, ಆ ಫೋಟೊ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಆಗಬೇಕು. ನಾಯಕರು ಡೇಟ್ ಕೊಟ್ಟಿರಲಿಲ್ಲ. ಶೌಚಾಲಯದ ಬೀಗದ ಕೈ ಆತನ ಕಾರಿನ ಕೀ ಜೊತೆ ನೇತಾಡುತ್ತಿತ್ತು. ಹೆಡ್ ಮಿಸ್ಸಿಗೆ ನಿವೃತ್ತಿ ಹತ್ತಿರ, ತುಟಿ ಬಿಚ್ಚಲಿಲ್ಲ.

ಮಗಳು ಆಸ್ಪತ್ರೆಯಿಂದ ಬಂದ ವಾರ ಸಭೆಯಲ್ಲಿ ಎದ್ದು ನಿಂತು, ಬೀಗ ಯಾವಾಗ ತೆಗೆಯುತ್ತೀರಿ ಎಂದು ಕೇಳಿದೆ. ನಾನು ಬಾದಾಮಿ ಕಡೆಯವಳು, ಸೋಲದೇವನಹಳ್ಳಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ನಮ್ಮ ಮಾತು ಇಲ್ಲಿಯವರಿಗೆ ಜಗಳದಂತೆ ಕೇಳುತ್ತದೆ. ಆತ ನಿಧಾನಕ್ಕೆ ನಕ್ಕು ಹೇಳಿದ.

"ಅಷ್ಟು ಅರ್ಜೆಂಟಿದ್ರೆ ಪ್ರೈವೇಟ್ ಸ್ಕೂಲ್‌ಗಾಕಮ್ಮ. ನಿನ್ನೆ ಮೊನ್ನೆ ಬಾಡ್ಗೆಗೆ ಬಂದೋರು ಇಲ್ಲಿ ಇಸ್ಕೂಲ್ ನಡ್ಸಾಕ್ ಬಂದವ್ರೆ."

ಎಲ್ಲರೂ ನಕ್ಕರು. ಹೆಡ್ ಮಿಸ್ ಕೂಡ ಕರವಸ್ತ್ರದ ಹಿಂದೆ ನಕ್ಕರು. ಡ್ರಿಪ್ಸ್ ಸೂಜಿಯ ಗುರುತು ನನ್ನ ಮಗಳ ಕೈಮೇಲೆ ಇನ್ನೂ ನೀಲಿಯಾಗಿತ್ತು. ಇವನನ್ನು ನಾಲ್ಕು ಜನರ ಮುಂದೆ ಹೀಗೇ ನಗೆಪಾಟಲು ಮಾಡದೆ ಬಿಡುವುದಿಲ್ಲ ಎಂದು ಅಲ್ಲೇ ಅಂದುಕೊಂಡೆ.

ದಾರಿ ಇಲಾಖೆಯೇ ತೋರಿಸಿತು. ಸಮಿತಿಯವರಿಗೆಲ್ಲ ತರಬೇತಿ, ಸುತ್ತಲಿನ ಶಾಲೆಗಳವರೆಲ್ಲ ಒಂದೇ ಕಡೆ ಸೇರಬೇಕು, ಅಧ್ಯಕ್ಷರ ಹಾಜರಿ ಕಡ್ಡಾಯ ಎಂದು ವಾಟ್ಸಾಪಿಗೆ ಬಂತು. ಹಿಂದಿನ ದಿನ ಆತ ಸೈಟಿನಲ್ಲಿದ್ದ ಹೊತ್ತು ನೋಡಿಕೊಂಡು ಅವರ ಮನೆಗೆ ಹೋದೆ. ಅಧ್ಯಕ್ಷೆ ಅವರೆಕಾಯಿ ಬಿಡಿಸುತ್ತಿದ್ದರು. ಟ್ರೈನಿಂಗಿಗೆ ಗಂಡಸರು ಮಾತ್ರ ಹೋಗುವುದೆಂದು ಗಂಡ ಆಕೆಗೆ ಹೇಳಿದ್ದನಂತೆ. ನಾಳೆ ಬೆಳಿಗ್ಗೆ ಆಟೊ ತರುತ್ತೇನೆ, ಸುಮ್ಮನೆ ಬಂದು ಕೂರಿ ಸಾಕು ಎಂದೆ. ಕಿರಿಯವಳು ಶಾಲೆಯಲ್ಲಿ ಶೌಚಕ್ಕೆ ಏನು ಮಾಡುತ್ತಾಳೆ ಎಂದೂ ಕೇಳಿದೆ. ಆಕೆ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು.

"ಕ್ಲಾಸ್ ಬಿಟ್ಟು ಮನೇಗ್ ಓಡ್ಬತ್ತಾಳೆ ಕಣಕ್ಕ. ಅವ್ರಿಗ್ ಏಳಿದ್ರೆ ಇನ್ನೊಂದ್ ವಾರ, ಇನ್ನೊಂದ್ ವಾರ ಅಂತಾರೆ."

ಮಹಿಳೆಯರ ಹಕ್ಕು ಅಂತೆಲ್ಲ ನಾನು ಯೋಚಿಸಿರಲಿಲ್ಲ. ನನಗೆ ಬೇಕಿದ್ದದ್ದು ಆ ಮನುಷ್ಯನ ಮುಖ ಕಪ್ಪಿಡುವುದು, ಅಷ್ಟೆ.

ತರಬೇತಿಯ ದಿನ ಆತ ಬಿಳಿ ಷರಟು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ನಾವಿಬ್ಬರೂ ಕೊನೆಯ ಬೆಂಚು. ತರಬೇತಿ ಕೊಡಲು ಬಂದಿದ್ದ ಮೇಡಂ ಚಿಕ್ಕ ವಯಸ್ಸಿನವರು, ದನಿ ಮಾತ್ರ ಗಟ್ಟಿ. ಬೆಳಗಿನಿಂದ ಸಮಿತಿಯ ಕೆಲಸ, ಅಧಿಕಾರ ಎಂದು ಪರದೆಯ ಮೇಲೆ ತೋರಿಸಿದರು. ಆಮೇಲೆ ಒಂದು ಅಣಕು ಸಭೆ ಮಾಡೋಣ, ಯಾವುದಾದರೂ ಶಾಲೆಯವರು ಬಂದು ನಿಜವಾದ ಸಮಸ್ಯೆ ಇಟ್ಟುಕೊಂಡು ತೀರ್ಮಾನ ಮಾಡಿ ತೋರಿಸಿ ಎಂದರು. ನಾನು ಕೈ ಎತ್ತಿ ನಮ್ಮ ಶಾಲೆ ಎಂದೆ. ಆತ ಎದ್ದು ಷರಟು ಸರಿಮಾಡಿಕೊಂಡು ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತ.

"ಮೇಡಂ, ನಮ್ಮ ಅಧ್ಯಕ್ಷರು ಇಲ್ಲಿ ಅದಾರ್ರೀ," ಎಂದೆ.

ಹೆಂಡತಿಯನ್ನು ನೋಡಿದಾಗ ಆತನ ಬಾಯಿ ತೆರೆದೇ ಇತ್ತು. ಮೇಡಂ ಕೇಳಿದರು, ಹಾಗಾದರೆ ನೀವು ಯಾರು ಎಂದು.

"ನಾನು... ಅವ್ರ ಯಜಮಾನ್ರು."

"ಸರ್, ಇದು ಮೆಂಬರ್‌ಗಳಿಗೆ. ಯಜಮಾನ್ರು ಊಟದ ಹೊತ್ತಿಗೆ ಬನ್ನಿ."

ಹಾಲ್ ಇಡೀ ನಕ್ಕಿತು. ಹೆಚ್ಚಾಗಿ ಹೆಂಗಸರು, ಅದರಲ್ಲೂ ಗಂಡಂದಿರು ಕುರ್ಚಿ ಹಿಡಿದ ಊರುಗಳ ಹೆಂಗಸರು. ಆ ನಗುವಿನ ಸುಖ ನಾನು ಇವತ್ತಿಗೂ ನೆನೆಸಿಕೊಳ್ಳುತ್ತೇನೆ. ಆತ ಎದ್ದು ಗೋಡೆ ಪಕ್ಕ ನಿಂತ. ಆಕೆ ಸೆರಗು ಹೊದ್ದು ಕುರ್ಚಿಯ ತುದಿಯಲ್ಲಿ ಕೂತರು. ನಾನು ಶೌಚಾಲಯದ ವಿಷಯ ತೆಗೆದೆ, ಮಗಳ ಡ್ರಿಪ್ಸ್ ಸೇರಿಸಿಯೇ ಹೇಳಿದೆ. ನಾಳೆಯೇ ತೆಗೆಯಬೇಕೆಂದು ನಮ್ಮ ಸಮಿತಿಯವರೆಲ್ಲ ಕೈ ಎತ್ತಿದರು. ಅವತ್ತು ನಕ್ಕವರ ಕೈಗಳೇ ಅವು.

ತೀರ್ಮಾನ ಆಯಿತು, ಚಪ್ಪಾಳೆ ಹೊಡೆಯಿರಿ ಎಂದರು ಮೇಡಂ. ಆದರೆ ಅಧ್ಯಕ್ಷೆ ಏಳಲಿಲ್ಲ. ಗೋಡೆಯ ಕಡೆ ಕೈ ಚಾಚಿದರು.

"ಬೀಗದ್ ಕೈ ಕೊಡ್ರಿ."

ಆತ ಹಲ್ಲು ಕಚ್ಚಿಕೊಂಡು ಸಣ್ಣಗೆ ಅಂದ, "ಇದು ಸುಮ್ನೆ ಆಟ ಕಣೆ."

"ಮಗೂಗ್ ಆಟ ಅಲ್ವಲ್ಲ. ಕೊಡ್ರಿ."

ಚಾಚಿದ ಕೈ ಹಿಂದಕ್ಕೆ ಹೋಗಲಿಲ್ಲ. ಅಷ್ಟೂ ಊರಿನವರು ನೋಡುತ್ತಿದ್ದರು. ಕೀಚೈನಿನಿಂದ ಅದೊಂದನ್ನು ಬಿಡಿಸಲು ಆತ ಒದ್ದಾಡಿದ್ದು ಚೆನ್ನಾಗಿತ್ತು, ರಿಂಗಿನ ಸಂದಿಗೆ ಉಗುರೇ ಹೋಗಲಿಲ್ಲ.

ಮರುದಿನ ಬಾಗಿಲು ತೆಗೆದರು. ರಿಬ್ಬನ್ ಇಲ್ಲ, ಪೂಜೆ ಇಲ್ಲ. ಹುಡುಗಿಯರು ಕನ್ನಡಿ ಮುಂದೆ ನೂಕಾಡಿದರು. ನನ್ನ ಮಗಳು ಮೊದಲ ದಿನವೇ ಜಡೆ ಬಿಚ್ಚಿ ಹೆಣೆದುಕೊಂಡು ಬಂದಳು.

ಸ್ವಲ್ಪ ದಿನಕ್ಕೆ ನಾಯಕರ ಡೇಟ್ ಸಿಕ್ಕಿತು. ಒಂದು ದಿನ ಬೀಗ ಹಾಕಿ, ತೊಳೆದು, ಹೂವಿನ ಹಾರ ಕಟ್ಟೋಣ ಎಂದು ಆತ ಹೆಡ್ ಮಿಸ್ ಕೈಯಲ್ಲಿ ಹೇಳಿಸಿದ. ಅಧ್ಯಕ್ಷೆ ಆಗಲ್ಲ ಎಂದರು. ನಾಯಕರು ಕಾರಿನಿಂದಿಳಿದು ಬಂದಾಗ ಬಾಗಿಲ ಮುಂದೆ ಹುಡುಗಿಯರ ಸಾಲಿತ್ತು, ನೆಲ ಒದ್ದೆಯಾಗಿತ್ತು. ತೆಗೆದಿರೋದನ್ನ ಏನ್ರೀ ತೆಗೆಯೋದು ಎಂದು ಎಳನೀರು ಕುಡಿದು ಹೊರಟರು. ಆತ ಕತ್ತರಿ ಇಟ್ಟ ತಟ್ಟೆ ಹಿಡಿದು ನಿಂತೇ ಇದ್ದ.

ನಾನು ಅವತ್ತು ಕಾಲೇಜಿಗೆ ರಜೆ ಹಾಕಿ ಹೋಗಿದ್ದೆ, ಆತನಿಗೆ ಕಾಣುವ ಜಾಗ ಹುಡುಕಿ ನಿಂತಿದ್ದೆ. ಆತ ನನ್ನನ್ನು ನೋಡಿದ. ಪಾಪ ಅನ್ನಿಸಬೇಕಿತ್ತೇನೋ, ಅನ್ನಿಸಲಿಲ್ಲ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದೆ.